ಲೂಯಿಸ್‌ನಿಂದ ಫಿಲಡೆಲ್ಫಿಯಾಕ್ಕೆ: ನೌಕರಿ ಕಳೆದುಕೊಂಡ ಅಬಕಾರಿ ಅಧಿಕಾರಿಯೊಬ್ಬನ ಪ್ರಕರಣ

1774ರ ಏಪ್ರಿಲ್ 8ರಂದು ಇಂಗ್ಲೆಂಡಿನ ಅಬಕಾರಿ ಮಂಡಳಿಯು ಸಸೆಕ್ಸ್ ಪ್ರಾಂತದ ಲೂಯಿಸ್ ಪಟ್ಟಣದಲ್ಲಿದ್ದ ತನ್ನ ಅಧಿಕಾರಿಯೊಬ್ಬನನ್ನು ವಜಾ ಮಾಡಿತು. ಮಂಡಳಿಯ ಅಪ್ಪಣೆ ಪಡೆಯದೆ ಕೆಲಸ ಬಿಟ್ಟು ಹೋಗಿದ್ದಾನೆ, ಮಾಡಿಕೊಂಡ ಸಾಲದ ಕಾರಣಕ್ಕೆ ಊರು ತೊರೆದಿದ್ದಾನೆ ಎಂಬುದು ಆದೇಶದಲ್ಲಿ ಕೊಟ್ಟ ಕಾರಣ. ಅದಾದ ಆರನೆಯ ದಿನ ಅವನ ಮನೆಯ ಸಾಮಾನೂ ಅಂಗಡಿಯ ಸರಕೂ ಹರಾಜಿಗೆ ಬಂದವು. ಕುದುರೆ ಕಟ್ಟಿ ತಿರುಗಿಸುವ ಹೊಗೆಸೊಪ್ಪು ಮತ್ತು ನಶ್ಯದ ಗಿರಣಿ, ಇನ್ನೂ ಬಿಚ್ಚದೆ ಇದ್ದ ಎರಡು ಪೆಟ್ಟಿಗೆ ಕೆನೆಬಣ್ಣದ ಪಿಂಗಾಣಿ ಪಾತ್ರೆಗಳು ಹರಾಜಿನ ಜಾಹೀರಾತಿನಲ್ಲಿದ್ದವು. ಜೂನ್ 4ರಂದು ಹೆಂಡತಿಯಿಂದ ಬೇರ್ಪಡುವ ಒಪ್ಪಂದವಾಯಿತು. ನೌಕರಿ, ವ್ಯಾಪಾರ, ಸಂಸಾರ ಮೂರೂ ಎರಡು ತಿಂಗಳೊಳಗೆ ಕೈಬಿಟ್ಟಾಗ ಅವನಿಗೆ ಮೂವತ್ತೇಳು ವರ್ಷ. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಅಮೆರಿಕಕ್ಕೆ ಹೊರಟ ಹಡಗನ್ನು ಹತ್ತಿದ. ಅವನ ಹೆಸರು ಥಾಮಸ್ ಪೇನ್.

ಅಮೆರಿಕದ ಸ್ವಾತಂತ್ರ್ಯ ಹೋರಾಟವನ್ನು ಓದಿದವರಿಗೆಲ್ಲ ಪೇನ್ ಗೊತ್ತು. ಆದರೆ ಅವನ ಕಥೆಯನ್ನು ಸಾಮಾನ್ಯವಾಗಿ 'ಕಾಮನ್ ಸೆನ್ಸ್' ಎಂಬ ಅವನ ಹೊತ್ತಗೆ ಹೊರಬಂದ 1776ರಿಂದ ಆರಂಭಿಸಿ ಹೇಳುವುದರಿಂದ ಅದಕ್ಕೂ ಹಿಂದಿನ ಇಪ್ಪತ್ತು ತಿಂಗಳು ಮುನ್ನುಡಿಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಮನಶ್ಶಾಸ್ತ್ರಜ್ಞ ಎಲಿಯಟ್ ಜಾಕ್ಸ್ 1965ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಡುವಯಸ್ಸಿನ ಬಿಕ್ಕಟ್ಟನ್ನು ಮೂವತ್ತೈದರ ಆಸುಪಾಸಿನಲ್ಲಿ ಗುರುತಿಸಿದ್ದ. ಆ ಲೆಕ್ಕದಲ್ಲಿ ಪೇನ್ ಸರಿಯಾಗಿ ಆ ಘಟ್ಟದಲ್ಲಿದ್ದವನು. ಕೆಲಸ ಹೋದ ಮಧ್ಯವಯಸ್ಕನೊಬ್ಬ ಸಮುದ್ರ ದಾಟಿ ಬದುಕು ಕಟ್ಟಿಕೊಂಡ ಸಂಗತಿಯಾಗಿ ಈ ಇಪ್ಪತ್ತು ತಿಂಗಳನ್ನು ಓದಿದರೆ, 'ಹೋದ, ಗೆದ್ದ' ಎಂಬ ಪ್ರಚಲಿತ ಕಥನಕ್ಕಿಂತ ಬೇರೆಯದೇ ಆದ ಚಿತ್ರವೊಂದು ಸಿಗುತ್ತದೆ. ದೇಶ ಬದಲಾಯಿಸಿದ್ದರಿಂದ ಪೇನನ ಸ್ವಭಾವ ಬದಲಾಯಿತೇ, ಅಥವಾ ಅದೇ ಸ್ವಭಾವಕ್ಕೆ ಬೇರೆ ಬೆಲೆ ಬಂತೇ ಎಂಬುದೇ ಈ ಅಧ್ಯಯನದ ಪ್ರಶ್ನೆ.

ಹಿನ್ನೆಲೆ

ಪೇನ್ ಹುಟ್ಟಿದ್ದು 1737ರಲ್ಲಿ, ನಾರ್ಫೋಕ್ ಪ್ರಾಂತದ ಥೆಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದವನು. ತಿಮಿಂಗಿಲದ ಪಟ್ಟಿಗಳನ್ನಿಟ್ಟು ಹೆಂಗಸರ ಬಿಗಿಕುಪ್ಪಸ ಹೊಲಿಯುವುದು ಅವನ ಕಸುಬು. ಮಗನೂ ಹದಿಹರೆಯದಲ್ಲೇ ಆ ಕಸುಬಿಗೆ ಕೂತ. ಇಪ್ಪತ್ತರ ಹೊತ್ತಿಗೆ ಕೆಲಕಾಲ ಶತ್ರು ಹಡಗುಗಳನ್ನು ಹಿಡಿಯುವ ಖಾಸಗಿ ಹಡಗೊಂದರಲ್ಲಿ ದುಡಿದ, ಮರಳಿ ಬಂದು ಸ್ಯಾಂಡ್‌ವಿಚ್ ಎಂಬಲ್ಲಿ ಸ್ವಂತ ಅಂಗಡಿ ಇಟ್ಟ, 1759ರಲ್ಲಿ ಮದುವೆಯಾದ. ಮರುವರ್ಷವೇ ಆ ಹೆಂಡತಿ ತೀರಿಕೊಂಡಳು. ಕಸುಬು ಹತ್ತದೆ ಹೋದಾಗ ಅವನು ಅಬಕಾರಿ ಇಲಾಖೆ ಸೇರಿದ.

ಅಬಕಾರಿ ಅಧಿಕಾರಿಯ ಕೆಲಸವೆಂದರೆ ಕುದುರೆಯ ಮೇಲೆ ಊರೂರು ಸುತ್ತಿ, ಬಿಯರ್, ಸಾಬೂನು ಮುಂತಾದ ಸರಕನ್ನು ಅಳೆದು ತೆರಿಗೆ ಕಟ್ಟಿಸುವುದು. ಜನರ ದ್ವೇಷ ಹೆಚ್ಚು, ಸಂಬಳ ಕಡಿಮೆ. 1765ರಲ್ಲಿ ಆಲ್ಫರ್ಡ್ ಎಂಬ ಊರಿನಲ್ಲಿದ್ದಾಗ ಪೇನ್ ಮೊದಲ ಸಲ ವಜಾಗೊಂಡ. ಸರಕನ್ನು ಪರಿಶೀಲಿಸದೆಯೇ ಪರಿಶೀಲಿಸಿದ್ದೇನೆಂದು ಲೆಕ್ಕದ ಪುಸ್ತಕದಲ್ಲಿ ಬರೆದ ಆರೋಪ ಅದು. ಆ ಇಲಾಖೆಯಲ್ಲಿ ಇದು ಹಲವರು ಮಾಡುತ್ತಿದ್ದ ತಪ್ಪು. ಮರುವರ್ಷ ಕ್ಷಮಾಪಣೆಯ ಅರ್ಜಿ ಹಾಕಿದ ಮೇಲೆ, ಖಾಲಿ ಜಾಗ ಬಂದಾಗ ಕೊಡುತ್ತೇವೆಂಬ ಒಪ್ಪಿಗೆ ಸಿಕ್ಕಿತು. ನಡುವೆ ಲಂಡನ್ನಿನಲ್ಲಿ ಮೇಷ್ಟರ ಕೆಲಸ ಮಾಡಿದ. 1768ರಲ್ಲಿ ಲೂಯಿಸ್‌ನ ಹುದ್ದೆ ದೊರಕಿತು.

ಲೂಯಿಸ್‌ನ ಆರು ವರ್ಷಗಳೇ ಈ ಪ್ರಕರಣದ ತಿರುಳು. ಸ್ಯಾಮ್ಯುಯೆಲ್ ಆಲಿವ್ ಎಂಬ ಹೊಗೆಸೊಪ್ಪಿನ ವ್ಯಾಪಾರಿಯ ಮನೆಯಲ್ಲಿ ಪೇನ್ ಬಾಡಿಗೆಗೆ ಇಳಿದ. ವ್ಯಾಪಾರಿ ತೀರಿಕೊಂಡ ಮೇಲೆ ಅಂಗಡಿಯ ಹೊಣೆಯಲ್ಲಿ ಪಾಲುಗೊಂಡ, 1771ರಲ್ಲಿ ಅವನ ಮಗಳು ಎಲಿಜಬೆತ್‌ಳನ್ನು ಮದುವೆಯಾದ. ಸಂಜೆಯಾದರೆ ವೈಟ್ ಹಾರ್ಟ್ ಎಂಬ ಪಾನಗೃಹದಲ್ಲಿ ಊರಿನ ಗೃಹಸ್ಥರು ಕೂಡಿ ವಾದ ಮಾಡುತ್ತಿದ್ದರು, ಆ ಕೂಟದಲ್ಲಿ ಪೇನ್ ಗಟ್ಟಿಯಾದ ವಾದಿ ಎನಿಸಿಕೊಂಡ. ಹಗಲು ಅಬಕಾರಿ, ಸಂಜೆ ವಾದ, ನಡುವೆ ನಷ್ಟದಲ್ಲಿ ನಡೆಯುವ ಅಂಗಡಿ. ಹೊರಗಿನವರ ಕಣ್ಣಿಗೆ ಇದು ನೆಲೆ ನಿಂತ ಬದುಕಾಗಿಯೇ ಕಂಡಿರಬೇಕು.

ಸೋತ ಮನವಿ

1772ರಲ್ಲಿ ಸಂಬಳ ಹೆಚ್ಚಿಸಬೇಕೆಂದು ಕೇಳುವ ಅಬಕಾರಿ ಅಧಿಕಾರಿಗಳ ಮನವಿಯನ್ನು ಬರೆಯುವ ಕೆಲಸ ಪೇನನ ಪಾಲಿಗೆ ಬಂತು. ಇಪ್ಪತ್ತೊಂದು ಪುಟಗಳ ಆ ಕಿರುಹೊತ್ತಗೆಯನ್ನು ಲೂಯಿಸ್‌ನಲ್ಲೇ ನಾಲ್ಕು ಸಾವಿರ ಪ್ರತಿ ಅಚ್ಚು ಹಾಕಿಸಲಾಯಿತು. ಅದರಲ್ಲಿ ಅವನು ಕೊಟ್ಟ ಲೆಕ್ಕ ಹೀಗಿದೆ: ವರ್ಷದ ಸಂಬಳ ಐವತ್ತು ಪೌಂಡು. ತೆರಿಗೆ ಮತ್ತಿತರ ಕಡಿತಗಳನ್ನು ಕಳೆದರೆ ನಲವತ್ತಾರು. ಕುದುರೆ ಸಾಕಲು ಹದಿನಾಲ್ಕು. ಉಳಿದ ಮೂವತ್ತೆರಡು ಪೌಂಡನ್ನು ದಿನಕ್ಕೆ ಹಂಚಿದರೆ ಒಂದು ಶಿಲಿಂಗು ಒಂಬತ್ತೂಕಾಲು ಪೆನ್ನಿ. ಇಷ್ಟರಲ್ಲಿ ಸಂಸಾರ ಸಾಗಿಸುವವನ ಕೈಯಲ್ಲಿ ಸರ್ಕಾರದ ತೆರಿಗೆಯ ಹಣ ಕೊಟ್ಟು, ಅವನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಎಷ್ಟು ಸರಿ ಎಂಬುದು ಅವನ ವಾದ. ಹಸಿವು ಮತ್ತು ಪ್ರಾಮಾಣಿಕತೆಯ ಸಂಬಂಧವನ್ನು ಇಷ್ಟು ನೇರವಾಗಿ, ಗುಮಾಸ್ತನಿಗೂ ಮಂತ್ರಿಗೂ ಒಂದೇ ಸಲಕ್ಕೆ ತಿಳಿಯುವ ಮಾತಿನಲ್ಲಿ ಬರೆದ ಸರ್ಕಾರಿ ಮನವಿಗಳು ಹೆಚ್ಚಿಲ್ಲ.

ಆ ಚಳಿಗಾಲವನ್ನು ಅವನು ಲಂಡನ್ನಿನಲ್ಲಿ ಕಳೆದ. ಸಂಸತ್ತಿನ ಸದಸ್ಯರಿಗೆ ಪ್ರತಿ ಹಂಚಿದ, ಸಾಹಿತಿ ಆಲಿವರ್ ಗೋಲ್ಡ್‌ಸ್ಮಿತ್‌ಗೂ ಒಂದು ಪ್ರತಿ ಕಳಿಸಿ ಪರಿಚಯ ಬಯಸಿದ. ಮನವಿಯಿಂದ ಏನೂ ಆಗಲಿಲ್ಲ. ಊರಿನಲ್ಲಿ ಅಂಗಡಿ ಸೊರಗಿತು, ಸಾಲ ಬೆಳೆಯಿತು. 1774ರ ವಸಂತದಲ್ಲಿ ವಜಾದ ಆದೇಶ ಬಂದಾಗ ಅದರಲ್ಲಿ ಮನವಿಯ ಸೊಲ್ಲೇ ಇರಲಿಲ್ಲ. ಗೈರುಹಾಜರಿ ಮತ್ತು ಸಾಲ, ಅಷ್ಟೇ ಕಾರಣ. ಸಹೋದ್ಯೋಗಿಗಳ ಪರವಾಗಿ ನಿಂತವನನ್ನು ಹಾಜರಿ ಪುಸ್ತಕ ತೋರಿಸಿ ಹೊರಗೆ ಹಾಕುವುದು ಆಡಳಿತಕ್ಕೆ ಯಾವ ಕಾಲದಲ್ಲೂ ಸುಲಭವಾಗಿ ಒದಗುವ ದಾರಿ. ಪೇನನ ವಿಷಯದಲ್ಲಿ ಗೈರುಹಾಜರಿಯೂ ಸುಳ್ಳಾಗಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಎಲಿಜಬೆತ್‌ಳಿಂದ ಬೇರೆಯಾದುದಕ್ಕೆ ಕಾರಣವೇನೆಂದು ಪೇನ್ ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, ಕಾರಣವಿತ್ತು, ಆದರೆ ಅದು ಬೇರೆಯವರಿಗೆ ಸಂಬಂಧಿಸಿದ್ದಲ್ಲ ಎಂಬರ್ಥದ ಉತ್ತರ ಕೊಡುತ್ತಿದ್ದನಂತೆ. ಊಹೆಗಳು ಬೇಕಾದಷ್ಟಿವೆ. ಈ ಅಧ್ಯಯನಕ್ಕೆ ಅವುಗಳ ಅಗತ್ಯವಿಲ್ಲ.

ಶಿಫಾರಸು ಪತ್ರ

ಲಂಡನ್ನಿಗೆ ಬಂದ ಪೇನನಿಗೆ ಅಲ್ಲಿ ಒಬ್ಬ ಗಣ್ಯ ಪರಿಚಿತನಿದ್ದ. ಜಾರ್ಜ್ ಲೂಯಿಸ್ ಸ್ಕಾಟ್ ಎಂಬ ಗಣಿತಜ್ಞ. ಸ್ವಾರಸ್ಯವೆಂದರೆ ಈತ ಪೇನನನ್ನು ವಜಾ ಮಾಡಿದ ಅದೇ ಅಬಕಾರಿ ಮಂಡಳಿಯ ಆಯುಕ್ತರಲ್ಲಿ ಒಬ್ಬ. ಮಂಡಳಿಯ ಸದಸ್ಯನಾಗಿ ಅವನಿಂದ ಪೇನನ ನೌಕರಿ ಉಳಿಯಲಿಲ್ಲ, ಪರಿಚಿತನಾಗಿ ಅವನು ಪೇನನನ್ನು ಬೆಂಜಮಿನ್ ಫ್ರಾಂಕ್ಲಿನ್‌ನ ಬಳಿಗೆ ಕರೆದೊಯ್ದ. ಫ್ರಾಂಕ್ಲಿನ್ ಆಗ ಅಮೆರಿಕದ ವಸಾಹತುಗಳ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದ.

1774ರ ಸೆಪ್ಟೆಂಬರ್ 30ರಂದು ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿದ್ದ ತನ್ನ ಅಳಿಯ ರಿಚರ್ಡ್ ಬ್ಯಾಚೆಗೆ ಬರೆದ ಪತ್ರವು ಈ ಪ್ರಕರಣದ ಅತಿ ಮುಖ್ಯ ದಾಖಲೆ. ಪೇನ್ ಜಾಣ, ಯೋಗ್ಯ ತರುಣ ಎಂದು ಅದರಲ್ಲಿ ಹೇಳಿದೆ. ಮೂವತ್ತೇಳರ ಅವನನ್ನು ತರುಣನೆಂದು ಕರೆದದ್ದು ಅರವತ್ತೆಂಟರ ಫ್ರಾಂಕ್ಲಿನ್‌ನ ಔದಾರ್ಯ. ಗುಮಾಸ್ತನಾಗಿಯೋ, ಶಾಲೆಯೊಂದರಲ್ಲಿ ಸಹಾಯಕ ಉಪಾಧ್ಯಾಯನಾಗಿಯೋ, ಭೂಮಾಪಕನ ಸಹಾಯಕನಾಗಿಯೋ ಒಂದು ಕೆಲಸ ಕೊಡಿಸಿದರೆ, ಆ ಸೀಮೆಯ ಪರಿಚಯವಾಗಿ ಜನ ಗೊತ್ತಾಗುವವರೆಗೆ ಹೊಟ್ಟೆಪಾಡಾದರೂ ನಡೆದೀತು ಎಂಬುದು ಅದರ ಸಾರಾಂಶ.

ಪತ್ರದ ಈ ಮಿತಿ ಗಮನಾರ್ಹ. ಅಲ್ಲಿ ಸೂಚಿಸಿದ ಮೂರು ಕೆಲಸಗಳೂ ಕಿರಿಯ ಕೆಲಸಗಳು, ಎರಡರಲ್ಲಂತೂ 'ಸಹಾಯಕ' ಎಂಬ ಮಾತೇ ಇದೆ. ನಡುವಯಸ್ಸಿನಲ್ಲಿ ಹುದ್ದೆ ಹೋದವನು ಹೊಸ ನಾಡಿನಲ್ಲಿ ಹಳೆಯ ಹುದ್ದೆಗೆ ಸಮನಾದುದನ್ನೇ ಹುಡುಕುತ್ತ ಕೂರುವುದು ಸಾಮಾನ್ಯ, ಮನೆಯವರ ಮುಂದೆ ಮುಖ ಉಳಿಸಿಕೊಳ್ಳುವ ಒತ್ತಡವೂ ಅದರಲ್ಲಿರುತ್ತದೆ. ಪೇನ್ ಒಪ್ಪಿ ಹೊರಟಿದ್ದು ಹೊಟ್ಟೆಪಾಡಿನ ಕೆಲಸಕ್ಕೆ. ಮುಂದೆ ಅವನ ಗೆಳೆಯನಾದ ವೈದ್ಯ ಬೆಂಜಮಿನ್ ರಶ್ ಬರೆದಿರುವಂತೆ, ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆಯುವ ಯೋಚನೆ ಅವನಲ್ಲಿತ್ತು. ಕ್ರಾಂತಿಯ ಮಾತು ಆ ಯೋಜನೆಯಲ್ಲಿ ಎಲ್ಲಿಯೂ ಇಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಲೇಬೇಕು. 1774ರಲ್ಲಿ ಫಿಲಡೆಲ್ಫಿಯಾ ಇದ್ದ ಪೆನ್ಸಿಲ್ವೇನಿಯ ಬ್ರಿಟಿಷ್ ವಸಾಹತು, ಪೇನ್ ಬ್ರಿಟಿಷ್ ಪ್ರಜೆ. ಅವನು ಸಾಗರ ದಾಟಿದರೂ ದೊರೆಯ ಗಡಿ ದಾಟಲಿಲ್ಲ. ಅವನಿಗೆ ವೀಸಾ ಬೇಕಿರಲಿಲ್ಲ, ವಯಸ್ಸಿನ ಅಂಕವೂ ಇರಲಿಲ್ಲ. ಇಂದು ಬೆಂಗಳೂರಿನಲ್ಲಿ ನಲವತ್ತು ದಾಟಿ ಕೆಲಸ ಕಳೆದುಕೊಂಡು ವಿದೇಶದ ಕಡೆ ನೋಡುವವರಿಗೆ ಮೊದಲು ಎದುರಾಗುವುದೇ ಈ ಅಂಕ. ನುರಿತ ವಲಸಿಗರನ್ನು ಅಂಕ ಕೊಟ್ಟು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ವಯಸ್ಸಿಗೆ ಸಿಗುವ ಅಂಕಗಳು 20ರಿಂದ 29ರ ನಡುವೆ ಗರಿಷ್ಠವಾಗಿದ್ದು, ಆಮೇಲೆ ವರ್ಷವರ್ಷಕ್ಕೂ ಇಳಿದು 45ಕ್ಕೆ ಸೊನ್ನೆಯಾಗುತ್ತವೆ. ಕೆಲಸ ಹುಡುಕಿಕೊಂಡು ಬರುವವರಿಗಾಗಿ ಜರ್ಮನಿಯು 2024ರ ಜೂನ್‌ನಲ್ಲಿ ಆರಂಭಿಸಿದ ಅವಕಾಶ ಕಾರ್ಡಿನ ಅಂಕಪಟ್ಟಿಯಲ್ಲೂ ನಲವತ್ತು ದಾಟಿದವರಿಗೆ ವಯಸ್ಸಿನ ಅಂಕವಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿದ್ದು ಕೆಲಸ ಕಳೆದುಕೊಂಡವರಿಗೆ ಸಾಮಾನ್ಯವಾಗಿ ಸಿಗುವ ಗಡುವು ಅರವತ್ತು ದಿನ. ಪೇನನ ಪ್ರಕರಣವನ್ನು ಇಂದಿನವರಿಗೆ ಮಾದರಿಯೆಂದು ತೋರಿಸುವವರು ಈ ಬಾಗಿಲುಗಳ ಎತ್ತರವನ್ನೂ ಜೊತೆಯಲ್ಲೇ ತೋರಿಸಬೇಕು.

ಹಡಗು ಮತ್ತು ಹಾಸಿಗೆ

ಲಂಡನ್ ಪ್ಯಾಕೆಟ್ ಎಂಬ ಆ ಹಡಗಿನಲ್ಲಿ, ಪ್ರಯಾಣದ ಖರ್ಚಿಗೆ ಬದಲಾಗಿ ವರ್ಷಗಟ್ಟಲೆ ದುಡಿಯುವ ಕರಾರಿಗೆ ಒಳಪಟ್ಟ ನೂರಕ್ಕೂ ಹೆಚ್ಚು ಆಳುಗಳಿದ್ದರು. ಅವರ ನಡುವೆ ವಿಷಮ ಜ್ವರ ಹರಡಿ ಐವರು ಸತ್ತರು. ನವೆಂಬರ್ 30ರಂದು ಹಡಗು ಫಿಲಡೆಲ್ಫಿಯಾ ತಲುಪಿದಾಗ ಪೇನನಿಗೆ ಬೇರೆಯವರ ಸಹಾಯವಿಲ್ಲದೆ ಹಾಸಿಗೆಯಲ್ಲಿ ಮಗ್ಗುಲು ಹೊರಳಲೂ ಆಗುತ್ತಿರಲಿಲ್ಲ. ಹಡಗಿನವರನ್ನು ನೋಡಲು ಬಂದ ಕಿಯರ್ಸ್ಲಿ ಎಂಬ ವೈದ್ಯನು, ಈತ ಫ್ರಾಂಕ್ಲಿನ್‌ನ ಶಿಫಾರಸಿನ ಮೇಲೆ ಬಂದವನೆಂದು ತಿಳಿದು, ವಸತಿ ಗೊತ್ತುಮಾಡಿ ಗಾಡಿ ಕಳಿಸಿ ಇಳಿಸಿಕೊಂಡ. ಆರು ವಾರ ಕಳೆದ ಮೇಲಷ್ಟೇ ಪೇನನಿಗೆ ಎದ್ದು ಹೋಗಿ ಬ್ಯಾಚೆಯನ್ನು ಕಾಣಲು ಸಾಧ್ಯವಾಯಿತು. ಮರುವರ್ಷದ ಮಾರ್ಚಿನಲ್ಲಿ ಫ್ರಾಂಕ್ಲಿನ್‌ಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ಅವನೇ ವಿವರಿಸಿದ್ದಾನೆ.

ಅಂದರೆ, ಪತ್ರವು ಕೆಲಸ ಕೊಡಿಸುವುದಕ್ಕೆ ಮೊದಲು ಜೀವ ಉಳಿಸಿತು. ಅದೇ ಹಡಗಿನಲ್ಲಿ ಅದೇ ಜ್ವರ ತಗುಲಿದ್ದ ಆಳುಗಳಿಗೆ ಗಾಡಿ ಬರಲಿಲ್ಲ. ವಲಸೆಯ ಯಶಸ್ಸನ್ನು ವಲಸಿಗನ ಎದೆಗಾರಿಕೆಯ ಖಾತೆಗೆ ಬರೆಯುವವರು ಈ ಒಂದು ಕಾಗದದ ತೂಕವನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ಮೊದಲು ಅವನಿಗೆ ಸಿಗುವಂತಿದ್ದದ್ದು ಮನೆಪಾಠ. ಹಲವು ಗೃಹಸ್ಥರು ತಮ್ಮ ಮಕ್ಕಳಿಗೆ ಕಲಿಸುವಂತೆ ಒಳ್ಳೆಯ ಸಂಭಾವನೆಯ ಮಾತಾಡಿ ಕೇಳಿಕೊಂಡಿದ್ದರು. ಅಷ್ಟರಲ್ಲಿ ರಾಬರ್ಟ್ ಐಟ್ಕನ್ ಎಂಬ ಮುದ್ರಕ-ಪುಸ್ತಕ ವ್ಯಾಪಾರಿಯು ಹೊಸದಾಗಿ ಆರಂಭಿಸಿದ ಮಾಸಪತ್ರಿಕೆಗೆ ನೆರವು ಬೇಕೆಂದ. ಪೇನ್ ಕೈಹಾಕಿದಾಗ 'ಪೆನ್ಸಿಲ್ವೇನಿಯ ಮ್ಯಾಗಜೀನ್‌'ಗೆ ಆರುನೂರು ಚಂದಾದಾರರು. ಮಾರ್ಚಿನ ಹೊತ್ತಿಗೆ ಹದಿನೈದು ನೂರು ದಾಟಿದ್ದರು. ಇಲಾಖೆಗಾಗಿ ಮನವಿ ಬರೆದು ಸೋತಿದ್ದ ಕೈಗೆ ಇಲ್ಲಿ ಪ್ರತಿ ತಿಂಗಳೂ ಪುಟ ತುಂಬಿಸುವ ಕೆಲಸ. ಹೊಸ ದೇಶದಲ್ಲಿ ಪೇನ್ ಹೊಸ ವಿದ್ಯೆಯನ್ನೇನೂ ಕಲಿಯಲಿಲ್ಲ. ವಾದಕೂಟದ ಮಾತು, ಅಬಕಾರಿಯ ಲೆಕ್ಕ, ಮನವಿಯ ನೇರ ಶೈಲಿ ಎಲ್ಲವೂ ಲೂಯಿಸ್‌ನಲ್ಲಿ ಗಳಿಸಿದ್ದು, ಅಲ್ಲಿ ನಷ್ಟಕ್ಕೆ ದಾರಿಯಾಗಿದ್ದು.

ಬೇರಿಲ್ಲದವನ ಅನುಕೂಲ

ಐಟ್ಕನ್‌ನ ಅಂಗಡಿಯಲ್ಲೇ ಬೆಂಜಮಿನ್ ರಶ್‌ನ ಪರಿಚಯವಾಯಿತು. 1775ರಲ್ಲಿ ವಸಾಹತುಗಳ ಜೊತೆ ಬ್ರಿಟನ್ನಿನ ಯುದ್ಧ ಆರಂಭವಾಗಿತ್ತು. ಆದರೂ ದೊರೆಯಿಂದ ಪೂರ್ತಿ ಬೇರೆಯಾಗಬೇಕೆಂಬ ಮಾತನ್ನು ಬಹಿರಂಗವಾಗಿ ಬರೆಯಲು ಹೆಚ್ಚಿನವರು ಹಿಂಜರಿಯುತ್ತಿದ್ದರು. ಆ ವಿಚಾರವಾಗಿ ಒಂದು ಹೊತ್ತಗೆ ಬರೆಯುವ ಆಲೋಚನೆ ರಶ್‌ಗೆ ಇತ್ತು, ಬರೆಯಲು ಅಂಜಿಕೆಯೂ ಇತ್ತು. ಪೇನನೇ ಬರೆಯಲಿ ಎಂದು ಸೂಚಿಸಿ ಅವನು ಕೊಟ್ಟ ಕಾರಣವನ್ನು ಮುಂದೆ ತಾನೇ ದಾಖಲಿಸಿದ್ದಾನೆ: ಜನ ತಿರುಗಿಬಿದ್ದರೂ ಪೇನನಿಗೆ ಭಯವಿಲ್ಲ, ಅವನು ಎಲ್ಲಿ ಬೇಕಾದರೂ ಬದುಕಬಲ್ಲ. ತನಗಾದರೆ ವೃತ್ತಿ, ಸಂಬಂಧಗಳು ಎಲ್ಲವೂ ಈ ಊರಿಗೇ ಕಟ್ಟಿಕೊಂಡಿವೆ.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಮಾತು. ಆಸ್ತಿ, ಹೆಂಡತಿ, ಹುದ್ದೆ, ಊರು ಯಾವುದೂ ಇಲ್ಲ ಎಂಬುದು ಲೂಯಿಸ್‌ನಲ್ಲಿ ಅವಮಾನವಾಗಿತ್ತು. ಹದಿನೆಂಟು ತಿಂಗಳೊಳಗೆ ಫಿಲಡೆಲ್ಫಿಯಾದಲ್ಲಿ ಅದೇ ಇಲ್ಲದಿರುವಿಕೆ ಒಂದು ಕೆಲಸಕ್ಕೆ ಬೇಕಾದ ಅರ್ಹತೆಯಾಯಿತು. ಕಳೆದುಕೊಳ್ಳುವುದಕ್ಕೆ ಉಳಿದಿರುವವನು ಬರೆಯಲಾರದ್ದನ್ನು ಬರೆಯಲು ಅಂಥವನೇ ಬೇಕಾಗಿತ್ತು. ಹೀಗೆ ಅನುಕೂಲವಾಗಿ ಒದಗಿದ್ದು ಕಾಲದ ಕಾಕತಾಳೀಯ ಎಂಬುದನ್ನೂ ಹೇಳಬೇಕು. ಐದು ವರ್ಷ ಮುಂಚೆ ಬಂದಿದ್ದರೆ ಪೇನ್ ಬಹುಶಃ ಮನೆಪಾಠದ ಮೇಷ್ಟರಾಗಿಯೇ ಉಳಿಯುತ್ತಿದ್ದ.

'ಕಾಮನ್ ಸೆನ್ಸ್' 1776ರ ಜನವರಿ 10ರಂದು ಹೊರಬಂತು. ಹೆಸರು ಸೂಚಿಸಿದವನು ರಶ್, ಅಚ್ಚು ಹಾಕಿದವನು ರಾಬರ್ಟ್ ಬೆಲ್. ಬೆಲೆ ಎರಡು ಶಿಲಿಂಗು, ಲೇಖಕನ ಹೆಸರಿಲ್ಲ. ಕೆಲವೇ ತಿಂಗಳಲ್ಲಿ ಅದು ವಸಾಹತುಗಳ ತುಂಬ ಹರಡಿತು. ಜುಲೈನಲ್ಲಿ ಸ್ವಾತಂತ್ರ್ಯದ ಘೋಷಣೆಯಾಯಿತು. ಇದು ಪಠ್ಯಪುಸ್ತಕದ ಭಾಗ, ಇಲ್ಲಿ ಬೆಳೆಸಬೇಕಿಲ್ಲ.

ಬದಲಾಗದೆ ಉಳಿದದ್ದು

ಗಮನಿಸಬೇಕಾದದ್ದು ಅದರ ಆಚೀಚೆ ನಡೆದ ಜಗಳಗಳು. ಐಟ್ಕನ್ ಜೊತೆ ಸಂಬಳದ ವಿಷಯಕ್ಕೆ ಮನಸ್ತಾಪವಾಗಿ ಪೇನ್ ವರ್ಷ ತುಂಬುವ ಮೊದಲೇ ಪತ್ರಿಕೆಯಿಂದ ದೂರವಾಗಿದ್ದ. 'ಕಾಮನ್ ಸೆನ್ಸ್' ಹೊರಬಂದ ಕೆಲವೇ ವಾರಗಳಲ್ಲಿ ಬೆಲ್ ಜೊತೆ ಜಗಳವಾಯಿತು. ತನ್ನ ಪಾಲಿನ ಲಾಭದಿಂದ ಕ್ವಿಬೆಕ್ಕಿನ ಚಳಿಯಲ್ಲಿದ್ದ ಸೈನಿಕರಿಗೆ ಕೈಗವಸು ಕೊಡಿಸಬೇಕೆಂದು ಪೇನ್ ಬಯಸಿದ್ದ, ಬೆಲ್ ಲಾಭವೇ ಆಗಿಲ್ಲ ಎಂದ. ಪೇನ್ ಬೇರೆ ಮುದ್ರಕನಿಂದ ಅರ್ಧ ಬೆಲೆಗೆ ಹೊಸ ಆವೃತ್ತಿ ತರಿಸಿದ. 1777ರಲ್ಲಿ ಅಮೆರಿಕದ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸಿನ ವಿದೇಶಾಂಗ ಸಮಿತಿಯ ಕಾರ್ಯದರ್ಶಿಯ ಹುದ್ದೆ ಸಿಕ್ಕಿತು. ಎರಡು ವರ್ಷ ತುಂಬುವಷ್ಟರಲ್ಲಿ, ಸೈಲಸ್ ಡೀನ್ ಎಂಬ ರಾಜತಾಂತ್ರಿಕನ ವ್ಯವಹಾರಗಳನ್ನು ಬಯಲಿಗೆಳೆಯುವ ಭರದಲ್ಲಿ ಗೋಪ್ಯವಾಗಿಡಬೇಕಾದ ಸಂಗತಿಯನ್ನೇ ಪತ್ರಿಕೆಯಲ್ಲಿ ಬರೆದು, 1779ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ನೌಕರಿಯ ಕಟ್ಟಳೆಗಿಂತ ತನಗೆ ಸರಿಕಂಡದ್ದು ದೊಡ್ಡದೆಂದು ನಡೆದು ಹುದ್ದೆ ಕಳೆದುಕೊಳ್ಳುವ ಸ್ವಭಾವ ಸಸೆಕ್ಸಿನಲ್ಲಿ ಹೇಗಿತ್ತೋ ಪೆನ್ಸಿಲ್ವೇನಿಯದಲ್ಲೂ ಹಾಗೆಯೇ ಇತ್ತು.

ಬಡತನವೂ ಜೊತೆಯಲ್ಲೇ ಬಂತು. ಬರಹದ ಹಕ್ಕುಗಳಿಂದ ಹಣ ಮಾಡುವುದನ್ನು ಅವನು ತಾತ್ತ್ವಿಕವಾಗಿ ಬೇಡವೆಂದ. ಯುದ್ಧ ಮುಗಿದ ಮೇಲೆ ನ್ಯೂಯಾರ್ಕ್ ರಾಜ್ಯವು 1784ರಲ್ಲಿ ನ್ಯೂ ರೋಶೆಲ್ ಎಂಬಲ್ಲಿ ಒಂದು ಜಮೀನನ್ನೂ, ಮರುವರ್ಷ ಕಾಂಗ್ರೆಸ್ಸು ಮೂರು ಸಾವಿರ ಡಾಲರನ್ನೂ ಕೊಟ್ಟ ಮೇಲಷ್ಟೇ ಅವನಿಗೆ ನೆಲೆಯೆಂಬುದು ಸಿಕ್ಕಿತು. ಅದಕ್ಕೂ ಅವನು ಪದೇ ಪದೇ ಕೇಳಬೇಕಾಗಿತ್ತು.

ಹಿಂದೆ ಉಳಿದವರು, ಮುಂದೆ ನಡೆದದ್ದು

ಇಂಥ ಪ್ರಕರಣಗಳಲ್ಲಿ ಹೋದವನ ಲೆಕ್ಕ ಬರೆಯುವಷ್ಟು ಸಲೀಸಾಗಿ ಉಳಿದವರ ಲೆಕ್ಕ ಬರೆಯುವುದಿಲ್ಲ. ಎಲಿಜಬೆತ್ ಮತ್ತೆ ಪೇನನ ಜೊತೆ ಬಾಳಲಿಲ್ಲ. ಕೆಂಟ್ ಪ್ರಾಂತದ ಕ್ರ್ಯಾನ್‌ಬ್ರೂಕ್ ಎಂಬ ಊರಿನಲ್ಲಿ ತಮ್ಮವರ ಆಸರೆಯಲ್ಲಿ ಬದುಕಿ, 1808ರಲ್ಲಿ, ಪೇನ್ ಸಾಯುವುದಕ್ಕೆ ಒಂದು ವರ್ಷ ಮೊದಲು ತೀರಿಕೊಂಡಳು. ತಂದೆ 1786ರಲ್ಲಿ ತೀರಿಕೊಂಡಾಗ ಮಗ ಊರಲ್ಲಿರಲಿಲ್ಲ. ಮರುವರ್ಷ, ತಾನು ವಿನ್ಯಾಸ ಮಾಡಿದ ಕಬ್ಬಿಣದ ಸೇತುವೆಯ ಮಾದರಿಯೊಂದಿಗೆ ಯುರೋಪಿಗೆ ಮರಳಿದಾಗ ಅವನು ಥೆಟ್‌ಫರ್ಡಿಗೆ ಹೋಗಿ ತಾಯಿಯನ್ನು ಕಂಡು, ಆಕೆಗೆ ವಾರಕ್ಕೆ ಒಂಬತ್ತು ಶಿಲಿಂಗು ಸಲ್ಲುವಂತೆ ಏರ್ಪಾಡು ಮಾಡಿದ. ಹದಿಮೂರು ವರ್ಷಗಳ ನಂತರದ ಭೇಟಿ ಅದು. ಅಂದಿನ ಹಡಗು ಪ್ರಯಾಣದ ಕಾಲಕ್ಕೆ ಅದು ಅಸಹಜವಲ್ಲ, ವಯಸ್ಸಾದ ತಾಯಿಗೆ ಅದು ಸಣ್ಣ ಅವಧಿಯೂ ಅಲ್ಲ.

ಎರಡನೆಯ ವಲಸೆ ಮೊದಲನೆಯದರಂತೆ ಫಲಿಸಲಿಲ್ಲ. ಇಂಗ್ಲೆಂಡಿನಲ್ಲಿ 'ರೈಟ್ಸ್ ಆಫ್ ಮ್ಯಾನ್' ಬರೆದು ರಾಜದ್ರೋಹದ ಬರಹವೆಂಬ ಮೊಕದ್ದಮೆ ಹೊತ್ತು, 1792ರಲ್ಲಿ ಫ್ರಾನ್ಸಿಗೆ ಹೋದ. ಅಲ್ಲಿನ ರಾಷ್ಟ್ರೀಯ ಸಭೆಗೆ ಆಯ್ಕೆಯಾದರೂ ಫ್ರೆಂಚ್ ಮಾತನಾಡಲು ಬಾರದೆ ಅನುವಾದಕರನ್ನು ಅವಲಂಬಿಸಬೇಕಾಯಿತು. 1793ರ ಡಿಸೆಂಬರಿನಿಂದ 1794ರ ನವೆಂಬರಿನವರೆಗೆ ಪ್ಯಾರಿಸ್ಸಿನ ಲಕ್ಸಂಬರ್ಗ್ ಸೆರೆಮನೆಯಲ್ಲಿದ್ದ. ಫಿಲಡೆಲ್ಫಿಯಾದಲ್ಲಿ ಅವನ ಕೈಹಿಡಿದದ್ದು ಧೈರ್ಯ ಮಾತ್ರವೇ ಆಗಿದ್ದರೆ ಪ್ಯಾರಿಸ್ಸಿನಲ್ಲೂ ಅದು ಕೈಹಿಡಿಯಬೇಕಿತ್ತು, ಧೈರ್ಯಕ್ಕೇನೂ ಅಲ್ಲಿ ಕೊರತೆಯಾಗಿರಲಿಲ್ಲ. ಅಮೆರಿಕದಲ್ಲಿ ಅವನ ಮಾತೃಭಾಷೆಯೇ ಜನರ ಭಾಷೆಯಾಗಿತ್ತು, ಜೇಬಿನಲ್ಲಿ ಫ್ರಾಂಕ್ಲಿನ್‌ನ ಪತ್ರವಿತ್ತು. ಫ್ರಾನ್ಸಿನಲ್ಲಿ ಭಾಷೆಯಿರಲಿಲ್ಲ, ಹೆಸರು ಕರೆದು ಕರೆಸಿಕೊಂಡವರಲ್ಲಿ ಹಲವರು ಅಧಿಕಾರದಿಂದಲೂ ಜೀವದಿಂದಲೂ ಹೋಗಿದ್ದರು.

1802ರಲ್ಲಿ ಅಮೆರಿಕಕ್ಕೆ ಮರಳಿದ ಪೇನ್, 1806ರ ಚುನಾವಣೆಯಲ್ಲಿ ಮತ ಹಾಕಲು ನ್ಯೂ ರೋಶೆಲ್‌ನ ಮತಗಟ್ಟೆಗೆ ಹೋದಾಗ, ನೀನು ಈ ದೇಶದ ಪ್ರಜೆಯಲ್ಲ ಎಂದು ಅಲ್ಲಿನ ಅಧಿಕಾರಿಗಳು ಮತ ನಿರಾಕರಿಸಿದರು. ಅವನು ಹೋದದ್ದು ಆ ರಾಜ್ಯವೇ ಕೊಟ್ಟ ಜಮೀನಿನ ಒಡೆಯನಾಗಿ. ಮರುವರ್ಷ, ಎಪ್ಪತ್ತರ ವಯಸ್ಸಿನಲ್ಲಿ ಅವನು ಉಪಾಧ್ಯಕ್ಷ ಜಾರ್ಜ್ ಕ್ಲಿಂಟನ್ ಸೇರಿದಂತೆ ಹಳೆಯ ಪರಿಚಿತರಿಗೆ ಕಾಗದ ಬರೆದು, ತಾನು ಆ ದೇಶಕ್ಕೆ ಸೇರಿದವನೆಂಬುದಕ್ಕೆ ಸಾಕ್ಷಿ ಕೇಳಲು ಮೊದಲುಮಾಡಿದ.